ಅನ್ನಪೂರ್ಣಾ ಮತ್ತು ಗಾಲಿ ಬೂಟಿನ ಅಂಗಡಿ

ಅನ್ನಪೂರ್ಣಾ ನಮ್ಮ ಮನೆಯವಳಲ್ಲ. ಹುಕ್ಕೇರಿ ತಾಲ್ಲೂಕಿನ ದಡ್ಡಿಯವಳು, ಮುತ್ತಪ್ಪ ಮತ್ತು ತಾಯವ್ವನ ಒಬ್ಬಳೇ ಮಗಳು. ಆದರೆ ಗೋಕಾಕದ ನಮ್ಮ ಮನೆಯಲ್ಲಿ ಅವಳು ಉಂಡಷ್ಟು ರೊಟ್ಟಿ ನನ್ನ ಸ್ವಂತ ಮೊಮ್ಮಕ್ಕಳೂ ಉಂಡಿಲ್ಲ. ಹಾಗಾಗಿ ಅವಳ ವಿಷಯ ನಾನು ಹೇಳಿದರೆ ತಪ್ಪಿಲ್ಲ. ಲಕ್ಷ್ಮೀ, ನೀನು ಬರೆದುಕೊಳ್ಳುತ್ತಾ ಹೋಗು, ನಡುವೆ ನನ್ನ ಮಾತು ತಿದ್ದಬೇಡ.

ನಿನ್ನ ಅಕ್ಕ ದಾನೇಶ್ವರಿ ಮತ್ತು ಈ ಅನ್ನಪೂರ್ಣಾ ಇಬ್ಬರೂ ಸೇರಿ ಗೋಕಾಕದಲ್ಲಿ ಸ್ಕೇಟ್ ಅಂಗಡಿ ಇಟ್ಟರು. ಊರವರು ಅದನ್ನು ಗಾಲಿ ಬೂಟಿನ ಅಂಗಡಿ ಅನ್ನುತ್ತಾರೆ. ಹೋದ ಚಳಿಗಾಲದಲ್ಲಿ ಅನ್ನಪೂರ್ಣಾಳ ತಲೆಗೆ ಪೆಟ್ಟು ಬಿತ್ತು. ಅವಳನ್ನು ದಡ್ಡಿಗೆ ಕರೆದುಕೊಂಡು ಹೋದರು. ಆಮೇಲೆ ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಮಾತು, ಅವಳು ತಿರುಗಿ ಅಂಗಡಿಗೆ ಬರುತ್ತಾಳೋ ಇಲ್ಲವೋ. ದಾನೇಶ್ವರಿಗೆ ಉಣ್ಣುವಾಗಲೂ ಅದೇ ಚಿಂತೆ, ಮಲಗುವಾಗಲೂ ಅದೇ. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ಅನ್ನಪೂರ್ಣಾ ಕೂರುತ್ತಿದ್ದ ಕಡೆ ಯಾರಾದರೂ ಕೂತರೆ ಎಬ್ಬಿಸುತ್ತಿದ್ದಳು.

ಮೊದಲಿಂದ ಹೇಳುತ್ತೇನೆ, ಇಲ್ಲದಿದ್ದರೆ ತಿಳಿಯುವುದಿಲ್ಲ.

ಅನ್ನಪೂರ್ಣಾ ಕಾಲೇಜು ಕಲಿಯಲು ಗೋಕಾಕಕ್ಕೆ ಬಂದು ಹಾಸ್ಟೆಲಿನಲ್ಲಿದ್ದಳು. ಎತ್ತರದ ಹುಡುಗಿ, ಅಗಲ ಭುಜ, ಎಮ್ಮೆ ಮೇಯಿಸಿ ಬೆಳೆದ ಕಾಲು. ನಕ್ಕರೆ ಓಣಿಗೆಲ್ಲಾ ಕೇಳಿಸುತ್ತಿತ್ತು. ನಮ್ಮ ದಾನಿ ಅವಳ ಭುಜಕ್ಕೆ ಬರುತ್ತಾಳೆ ಅಷ್ಟೇ. ಬೆಳಗಾವಿಯಿಂದ ರವಿವಾರಕ್ಕೊಮ್ಮೆ ಒಬ್ಬ ಸರ್ ಬಂದು ಕಾಲೇಜಿನ ಅಂಗಳದಲ್ಲಿ ಸ್ಕೇಟಿಂಗ್ ಕಲಿಸುತ್ತಿದ್ದರು. ಇವರಿಬ್ಬರೂ ಸೇರಿಕೊಂಡರು. ನೆಟ್ಟಗೆ ಓಡಿಕೊಂಡು ಹೋಗುವ ಆಟ ಇವರಿಗೆ ಸಾಲಲಿಲ್ಲ. ರೋಲರ್ ಡರ್ಬಿ ಅಂತ ಇನ್ನೊಂದು ಹಿಡಿದರು.

ಆ ಆಟ ನೋಡಲು ನನ್ನನ್ನೂ ಒಮ್ಮೆ ಬೆಳಗಾವಿಗೆ ಕರೆದುಕೊಂಡು ಹೋಗಿದ್ದರು. ನಾನು ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ಹೋಳಿಗೆ ಯಾಕೆ ಅಂದರೆ ಅನ್ನಪೂರ್ಣಾಳಿಗೆ ಅದು ಅಂದರೆ ಪ್ರಾಣ, ತುಪ್ಪ ಬೇಡ, ಬರೀ ಹೋಳಿಗೆ. ಇರಲಿ. ಆಟ ಶುರುವಾಯಿತು. ಎಲ್ಲರ ಕಾಲಲ್ಲೂ ಗಾಲಿ. ಒಬ್ಬಳ ಹೆಲ್ಮೆಟ್ ಮೇಲೆ ನಕ್ಷತ್ರದ ಬಟ್ಟೆ. ಅವಳು ಎದುರು ತಂಡದ ಹುಡುಗಿಯರನ್ನು ದಾಟಿಕೊಂಡು ಸುತ್ತು ಹೊಡೆಯಬೇಕು, ಅವರು ಸೊಂಟದಿಂದ, ಭುಜದಿಂದ ಗುದ್ದಿ ಅವಳನ್ನು ತಡೆಯಬೇಕು. ಮೊಣಕೈ ಹಾಕುವಂತಿಲ್ಲ, ಬೆನ್ನಿಗೆ ಹೊಡೆಯುವಂತಿಲ್ಲ. ಗಾಲಿ ಕಟ್ಟಿಕೊಂಡ ಕಬಡ್ಡಿ ಅಂತ ತಿಳಿದುಕೊ. ನನಗೆ ಮೊದಲು ಅದೆಲ್ಲಾ ತಿಳಿಯಲಿಲ್ಲ. ಯಾವಳೋ ನಮ್ಮ ದಾನಿಗೆ ಗುದ್ದಿದಳು. ನಾನು ಎದ್ದು ನಿಂತು, "ಏ, ಯಾರ ಮಗಳ ನೀ, ಬಾ ಇಲ್ಲಿ" ಅಂದೆ. ಬಾಜೂ ಕೂತವರು ನನ್ನ ಸೆರಗು ಜಗ್ಗಿ ಕೂರಿಸಿದರು. ಆಮೇಲೆ ಅದೇ ಹುಡುಗಿ ಬಂದು ನನ್ನ ಹೋಳಿಗೆ ತಿಂದು ಹೋದಳು.

ರಾಜ್ಯದ ಮಟ್ಟದವರೆಗೆ ಆಡಿದರು. ಕಾಲೇಜು ಮುಗಿಯಿತು. ದಾನಿಯ ಅಪ್ಪ, ನನ್ನ ಮಗ ಗುರುಪಾದ, ಗಂಡು ನೋಡಲು ಶುರು ಮಾಡಿದ. ಇಬ್ಬರೂ ಕೂತು ಏನು ಮಾತಾಡಿಕೊಂಡರೋ, ಒಂದು ದಿನ ಬಂದು ಅಂಗಡಿ ಹಾಕುತ್ತೇವೆ ಅಂದರು. ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಒಂದು ಸಣ್ಣ ಮಳಿಗೆ ಖಾಲಿ ಇತ್ತು. ಒಂದು ಬಾಜೂ ಮಾಲಿಂಗಪ್ಪನ ಹಾರ್ಡ್‌ವೇರ್ ಅಂಗಡಿ, ಇನ್ನೊಂದು ಬಾಜೂ ಹಿಟ್ಟಿನ ಗಿರಣಿ. ಇವರು ನಡುವೆ.

ಊರಿನಲ್ಲಿ ಇಂಥ ಅಂಗಡಿ ಯಾರೂ ಕಂಡಿರಲಿಲ್ಲ. ಮಾಲಿಂಗಪ್ಪ ಮೊದಲ ದಿನವೇ, "ಎರಡು ಕಾಲು ದೇವರ ಕೊಟ್ಟಾನ, ನೀವು ಎಂಟು ಗಾಲಿ ಕೊಡಾಕ ಹೊಂಟೀರಿ" ಅಂದ. ಅನ್ನಪೂರ್ಣಾ, "ಕಾಕಾ, ನಿಮ್ಮ ಅಂಗಡ್ಯಾಗ ಮೊಳಿ ಮಾರತೀರಿ. ಅದಕ್ಕ ಯಾರರ ಏನರ ಅಂದಾರೇನ?" ಅಂದಳು. ಅವನು ನಕ್ಕು ಒಂದು ಸ್ಕ್ರೂಡ್ರೈವರ್ ಪುಕ್ಕಟೆ ಕೊಟ್ಟ.

ಆ ಅಂಗಡಿಗೆ ಒಂದು ಪದ್ಧತಿ ಇತ್ತು. ಹುಡುಗರಿಗೆ ಬೀಳಲು ಕಲಿಸದೆ ಬೂಟು ಮಾರುತ್ತಿರಲಿಲ್ಲ. ಅಂಗಡಿಯ ಮುಂದೆ ಗಿರಣಿಯ ಖಾಲಿ ಚೀಲ ಹಾಸಿ, ಅದರ ಮೇಲೆ ಹುಡುಗರನ್ನು ನಿಲ್ಲಿಸಿ ಕೆಡವುತ್ತಿದ್ದರು. ಮೊಣಕಾಲ ಮೇಲೆ ಬೀಳಬೇಕು, ಮೈ ಸಣ್ಣದು ಮಾಡಿಕೊಂಡು ಬೀಳಬೇಕು, ಕೈಬೆರಳು ಮುಷ್ಟಿ ಕಟ್ಟಬೇಕು. ಬೆರಳು ಬಿಚ್ಚಿದ್ದರೆ ಹಿಂದೆ ಬಂದವರ ಗಾಲಿ ಬೆರಳ ಮೇಲೆ ಹಾಯುತ್ತದೆ. ಇದು ಅವರ ಆಟದ ಮೊದಲ ಪಾಠವಂತೆ.

ಮೂಡಲಗಿಯಿಂದ ಒಬ್ಬಾಕೆ ತನ್ನ ಮಗ ಸ್ವಪ್ನಿಲನನ್ನು ಕರೆದುಕೊಂಡು ಬಂದಿದ್ದಳು. ಒಳ್ಳೆಯ ಇಳಕಲ್ ಸೀರೆ, ಕೈತುಂಬಾ ಬಳೆ. ಮಗನನ್ನು ಚೀಲದ ಮೇಲೆ ಕೆಡವಿದ್ದು ನೋಡಿ, "ನಾ ಬೂಟ ತಗೊಳ್ಳಾಕ ಬಂದೇನಿ. ನನ್ನ ಹುಡುಗನ್ನ ಕೆಡವಸಾಕ ಅಲ್ಲ" ಅಂದಳು.

ಅನ್ನಪೂರ್ಣಾ, "ಹೆಂಗೂ ಬೀಳತಾನ್ರಿ ಅಕ್ಕಾರ. ಇಲ್ಲೆ ಬಿದ್ದರ ನಾ ಎಬ್ಬಸತೇನಿ. ರೋಡಿನ್ಯಾಗ ಬಿದ್ದರ ಯಾರ ಎಬ್ಬಸತಾರು?" ಅಂದಳು.

"ಬೀಳದಂಗ ಕಲಸಾಕ ಬರೂದಿಲ್ಲೇನ ನಿಮಗ?"

"ಅದು ನಮಗೂ ಬರೂದಿಲ್ರಿ."

ಆಕೆ ಸಿಟ್ಟಿನಿಂದ ಹೊರಟಳು. ಹುಡುಗ ಮಾತ್ರ ಚೀಲ ಬಿಟ್ಟು ಏಳಲೇ ಇಲ್ಲ, ಇನ್ನೊಮ್ಮೆ ಕೆಡವ್ರಿ ಅಂದ. ಕೊನೆಗೆ ಬೂಟು ತೆಗೆದುಕೊಂಡೇ ಹೋದರು. ಇಂಥವು ಎಷ್ಟೋ. ಎಲ್ಲಾ ಹೇಳುತ್ತಾ ಕೂತರೆ ಸಂಜೆಯಾಗುತ್ತದೆ.

ಅಂಗಡಿ ನಡೆಸುತ್ತಾ ಆಟವನ್ನೂ ಬಿಡಲಿಲ್ಲ. ಕಲ್ಲೋಳಿಯಲ್ಲಿ ನನ್ನ ತಮ್ಮ ರಾಚಪ್ಪ ಅರಿಶಿನ ಬೆಳೆಯುತ್ತಾನೆ. ಬೇಯಿಸಿದ ಅರಿಶಿನ ಒಣಗಿಸಲು ಮನೆಯ ಹಿಂದೆ ದೊಡ್ಡ ಸಿಮೆಂಟಿನ ಕಣ ಮಾಡಿಸಿದ್ದಾನೆ. ಅರಿಶಿನವಿಲ್ಲದ ತಿಂಗಳಲ್ಲಿ ಅದು ಖಾಲಿ. ರವಿವಾರ ನಸುಕಿನಲ್ಲಿ ಇವರು ಹೋಗಿ, ಇನ್ನೂ ನಾಲ್ಕಾರು ಹುಡುಗಿಯರನ್ನು ಸೇರಿಸಿಕೊಂಡು, ಅಲ್ಲಿ ಆಡಿ ಬಂದು ಆಮೇಲೆ ಅಂಗಡಿ ತೆಗೆಯುತ್ತಿದ್ದರು. ಎಷ್ಟು ತೊಳೆದರೂ ಕಣದ ಬಿರುಕಿನಲ್ಲಿ ಅರಿಶಿನ ಇರುತ್ತದಲ್ಲ, ಇವರ ಕಾಲುಚೀಲವೆಲ್ಲಾ ಹಳದಿ. ಮದುಮಗಳ ಕಾಲು ಅಂತ ನಾನು ಚೇಷ್ಟೆ ಮಾಡುತ್ತಿದ್ದೆ.

ಹೋದ ಮಳೆಗಾಲದಲ್ಲಿ ಹೊಳೆ ಬಂತು. ನಮ್ಮ ಊರಿಗೆ ಹೊಳೆ ಹೊಸತಲ್ಲ, ಆದರೆ ಆ ಸಲ ನೀರು ಓಣಿಯಲ್ಲಿ ಸರಸರ ಏರಿತು. ಇಬ್ಬರೂ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬೂಟುಗಳನ್ನು ಮೇಲಿನ ಹಲಗೆಗೆ ಏರಿಸಿದರು. ಹೆಲ್ಮೆಟ್‌ಗಳು ಸಣ್ಣ ಹುಡುಗರ ಕೈಗೆ ಸಿಗಲಿ ಅಂತ ಕೆಳಗಿನ ಹಲಗೆಯಲ್ಲಿದ್ದವು. ಅವು ಹಾಗೇ ಮುಳುಗಿದವು.

ನೀರು ಇಳಿದ ಮೇಲೆ ಆ ಕೆಸರು, ಆ ನಾತ. ಮೇಲಿನ ಹಲಗೆಯವರೆಗೂ ನೀರು ಮುಟ್ಟಿತ್ತು. ಬೂಟಿನ ಗಾಲಿಯೊಳಗೆ ಬೇರಿಂಗ್ ಇರುತ್ತದೆ, ಅದನ್ನೆಲ್ಲಾ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ನನ್ನ ಜರಡಿಯಲ್ಲಿ ಹಾಕಿ ಒಣಗಿಸಿದರು. ಆ ಜರಡಿ ಇವತ್ತಿಗೂ ಹಿಟ್ಟಿಗೆ ಬರುವುದಿಲ್ಲ. ಹೆಲ್ಮೆಟ್ ತೊಳೆದು ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ಹಾಗೆ ಸಾಲಾಗಿ ಬಿಸಿಲಿಗೆ ಇಟ್ಟರು. ಒಣಗಿದ ಮೇಲೆ ಹೊಸದರ ಹಾಗೇ ಹೊಳೆಯುತ್ತಿದ್ದವು.

ಮಾಲಿಂಗಪ್ಪ ನೋಡಿ, "ಒರಸಿ ಮಾರ್ರಿ. ಯಾರಿಗೆ ಗೊತ್ತಾಗತೈತಿ?" ಅಂದ. ಅವನ ಸಿಮೆಂಟ್ ಚೀಲವೆಲ್ಲಾ ಕಲ್ಲಾಗಿದ್ದವು, ಪಾಪ, ಅವನ ಸಂಕಟ ಅವನಿಗೆ.

"ಆಗಂಗಿಲ್ಲ ಕಾಕಾ," ಅಂದಳು ಅನ್ನಪೂರ್ಣಾ. "ಒಳಗಿನ ಫೋಮ್ ಹೊಳಿ ನೀರ ಕುಡದೈತಿ. ಹುಡುಗರ ತಲೀಗೆ ಹಾಕೂ ಸಾಮಾನ ಇದು."

ದಾನಿ, "ಹಂಗಾರ ಎಲ್ಲಾ ಚೆಲ್ಲೂಣು" ಅಂದಳು.

"ಎಲ್ಲಾ ಯಾಕ ಚೆಲ್ಲೂದು? ದೊಡ್ಡವು ನಮಗ ಪ್ರಾಕ್ಟೀಸಿಗೆ ಆಗತಾವು. ನಮಗ ಬೀಳಾಕ ಬರತೈತೆಲ್ಲ."

ದಾನಿ ಒಂದು ಹೆಲ್ಮೆಟ್ ತಲೆಗೆ ಹಾಕಿಕೊಂಡು ನೋಡಿ, "ಹೂಂ, ನಮಗೇನ ಆಗತೈತಿ" ಅಂದಳು. ಸಣ್ಣ ಹೆಲ್ಮೆಟ್‌ಗಳನ್ನು ಯಾರೂ ಎತ್ತಿಕೊಳ್ಳದಂತೆ ಸುತ್ತಿಗೆಯಿಂದ ಒಡೆದು ಎಸೆದರು. ದೊಡ್ಡವನ್ನು ಇಟ್ಟುಕೊಂಡರು. ಗಿರಾಕಿಗೆ ಕೊಡಬಾರದ್ದನ್ನು ತಾವು ಹಾಕಿಕೊಂಡರು. ಬೀಳಲು ಬಾರದವರಾಗಿದ್ದರೆ ಅಂಜಿಯಾದರೂ ಎಸೆಯುತ್ತಿದ್ದರು.

ಚಳಿಗಾಲ ಬಂತು. ಅರಿಶಿನ ಇನ್ನೂ ಹೊಲದಲ್ಲಿತ್ತು, ಕಣ ಖಾಲಿ. ನಾನು ತಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕೂತು ಆಟ ನೋಡುತ್ತಿದ್ದೆ. ಅನ್ನಪೂರ್ಣಾಳ ತಲೆಯ ಮೇಲೆ ನಕ್ಷತ್ರದ ಬಟ್ಟೆ, ದಾನಿ ಎದುರು ಕಡೆ. ಅನ್ನಪೂರ್ಣಾ ಒಳ್ಳೆ ಗಾಳಿಯ ಹಾಗೆ ಬಂದಳು. ದಾನಿ ಸೊಂಟ ಕೊಟ್ಟಳು. ಸರಿಯಾದ ಗುದ್ದೇ. ಅನ್ನಪೂರ್ಣಾ ಹೇಗೆ ಹುಡುಗರಿಗೆ ಕಲಿಸುತ್ತಿದ್ದಳೋ ಹಾಗೇ ಬಿದ್ದಳು, ಮೊಣಕಾಲು ಮೊದಲು, ಮುಷ್ಟಿ ಕಟ್ಟಿಕೊಂಡು. ಆದರೆ ಹಿಂದೆ ಇನ್ನೊಬ್ಬಳ ಗಾಲಿ ಅವಳ ಗಾಲಿಗೆ ಸಿಕ್ಕಿತು. ಮೈ ತಿರುಗಿ ಬೆನ್ನ ಮೇಲಾಯಿತು. ಕಣದ ಅಂಚಿಗೆ ಒಂದು ಗಿಡ್ಡ ಕಟ್ಟೆ ಇದೆ, ಮಳೆ ನೀರು ಬರದ ಹಾಗೆ ಕಟ್ಟಿದ್ದು. ತಲೆಯ ಹಿಂಭಾಗ ಅದಕ್ಕೆ ಬಡಿಯಿತು.

ಎದ್ದು ಕೂತಳು. ನಕ್ಕಳು. "ಛಲೋ ಕೊಟ್ಟಿ ದಾನಿ" ಅಂದಳು. ಹೆಲ್ಮೆಟ್ ಒಂದು ಕೂದಲೆಳೆಯಷ್ಟೂ ಒಡೆದಿರಲಿಲ್ಲ. ತೆಗೆದಾಗ ಒಳಗಿನ ಫೋಮ್ ಮಾತ್ರ ಹಂಚು ಬಿಟ್ಟ ರೊಟ್ಟಿಯ ಹಾಗೆ ಪೂರಾ ಎದ್ದು ಕೈಗೆ ಬಂತು.

ಚಹ ಕೊಟ್ಟೆ, ಕುಡಿದಳು. "ಆಯಿ, ಅರಿಶಿಣ ಒಳಗ ಇಟ್ಟಾರೇನ?" ಅಂತ ಕೇಳಿದಳು. ಇನ್ನೂ ಕಿತ್ತೇ ಇಲ್ಲ ತಂಗಿ ಅಂದೆ. ತುಸು ಹೊತ್ತಿಗೆ ಮತ್ತೆ, "ಆಯಿ, ಅರಿಶಿಣ ಒಳಗ ಇಟ್ಟಾರೇನ?" ಅಂದಳು. ನಾನು ರಾಚಪ್ಪನನ್ನು ಕೂಗಿದೆ. ಆಮೇಲೆ ವಾಂತಿ. ಆಮೇಲೆ ಕಣ್ಣು ಮೇಲೆ ಹೋಯಿತು. ರಾಚಪ್ಪ ತನ್ನ ಗಾಡಿಯಲ್ಲಿ ಹಾಕಿಕೊಂಡು ಹೊರಟ. ಗೋಕಾಕದಲ್ಲಿ ನೋಡಿ ಬೆಳಗಾವಿಗೆ ಕಳಿಸಿದರು. ತಲೆಯೊಳಗೆ ರಕ್ತ ಕೂತಿತ್ತು, ಆಪರೇಶನ್ ಮಾಡಿದರು. ಆ ಉದ್ದ ಕೂದಲೆಲ್ಲಾ ಬೋಳಿಸಿದರು.

ತಾಯವ್ವ ದಡ್ಡಿಯಿಂದ ಉಟ್ಟ ಸೀರೆಯಲ್ಲೇ ಆಸ್ಪತ್ರೆಗೆ ಬಂದಳು, ಕೈಗೆ ಮೇವಿನ ಹಸಿರು ಹತ್ತಿತ್ತು. ಮುತ್ತಪ್ಪ ಗೋಡೆಗೆ ಒರಗಿ ನಿಂತುಬಿಟ್ಟ. ತಾಯವ್ವ ಎಲ್ಲರ ಮುಖ ನೋಡಿ, "ಹೆಂಗ ಬಿದ್ದಳು?" ಅಂದಳು.

ನಾನು ಏನೋ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ದಾನಿ, "ನಾ ಹೊಡದ್ನಿರಿ ಕಾಕೂ" ಅಂದಳು.

ಹಾಗೆ ಹೇಳಬಾರದಿತ್ತು. ಆಟದಲ್ಲಿ ಅವರ ಮಾತೇ ಹಾಗೆ, ಹೊಡೆದೆ, ಕೊಟ್ಟೆ, ಕೆಡವಿದೆ ಅಂತ. ತಾಯವ್ವ ಆಟ ಒಮ್ಮೆಯೂ ಕಂಡವಳಲ್ಲ. ಅವಳು ಆ ಮಾತನ್ನು ಹಾಗೇ ತೆಗೆದುಕೊಂಡಳು.

"ಗೆಳತಿ ಅಂತ ನಿನ್ನ ನನ್ನ ಒಲಿ ಮುಂದ ಕುಂಡ್ರಿಸಿ ಉಣ್ಣಾಕ ನೀಡೇನಿ," ಅಂದಳು. "ಇನ್ನ ನಿನ್ನ ಮಾರಿ ತೋರಸಬ್ಯಾಡ."

ಅನ್ನಪೂರ್ಣಾ ಬದುಕಿದಳು. ಆದರೆ ದಡ್ಡಿಗೆ ಹೋದ ಮೇಲೆ ಫೋನ್ ಇಲ್ಲ, ಸುದ್ದಿ ಇಲ್ಲ. ದಾನಿ ಒಂದು ಸಲ ಬಸ್ಸು ಹತ್ತಿ ಹುಕ್ಕೇರಿಗೆ ಹೋಗಿ, ಅಲ್ಲಿಂದ ದಡ್ಡಿಗೆ ಹೋದಳು. ತಾಯವ್ವ ಎಮ್ಮೆಯ ಹಗ್ಗ ಹಿಡಿದು ಬಾಗಿಲಿಗೆ ಅಡ್ಡ ನಿಂತಳಂತೆ. ಬೈಯಲೂ ಇಲ್ಲ, ಸರಿಯಲೂ ಇಲ್ಲ. ದಾನಿ ತಿರುಗಿ ಬಂದು, ಅಂಗಡಿಯಲ್ಲಿ ಕೂತು ತೊಳೆದ ಬೇರಿಂಗನ್ನೇ ಮತ್ತೆ ತೊಳೆದಳು. ಗುರುಪಾದ, "ಮುಚ್ಚಿಬಿಡ ಆ ಅಂಗಡಿ" ಅಂದ. "ಅಕಿ ಬಂದು ಹೇಳಲಿ, ಮುಚ್ಚತೇನಿ. ಅಂಗಡಿ ಅಕಿದೂ ಐತಿ" ಅಂದಳು. ಅಪ್ಪನಿಗೆ ಅವಳು ಎದುರಾಡಿದ್ದು ಅದೇ ಮೊದಲು.

ಕೊನೆಗೆ ನಾನೇ ಹೋದೆ. ಈ ಮೊಣಕಾಲು ಇಟ್ಟುಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದೆಂದರೆ ಏನು ಅಂತ ನಿನಗೆ ಗೊತ್ತಿಲ್ಲ ಲಕ್ಷ್ಮೀ. ತಾಯವ್ವ ನನಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ದೊಡ್ಡವರು ಅಂತ ಮರ್ಯಾದೆ ಬಿಡಲಿಲ್ಲ.

"ಆಟದಾಗ ಆಗಿದ್ದು ತಾಯವ್ವ. ಬೇಕಂತ ಯಾರೂ ಮಾಡಿಲ್ಲ," ಅಂದೆ.

"ಆಟದಾಗ ಮಂದೀನ ಹೊಡೀತಾರೇನ್ರಿ ಎವ್ವಾ?"

"ಕುಸ್ತ್ಯಾಗ ಕೆಡವೂದಿಲ್ಲೇನ?"

"ಕುಸ್ತಿ ಮಣ್ಣಾಗ ಆಡತಾರ್ರಿ. ನೀವು ಸಿಮೆಂಟಿನ ಮ್ಯಾಲ ಬಿಟ್ಟಿರಿ ಹುಡುಗ್ಯಾರನ್ನ."

ನಾನು ನೀರಿನ ತಂಬಿಗೆ ಎತ್ತಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಅನ್ನಪೂರ್ಣಾ ಗೋಡೆ ಹಿಡಿದುಕೊಂಡು ಬಂದಳು. ಅಷ್ಟು ದೊಡ್ಡ ಹುಡುಗಿ ಅರ್ಧವಾಗಿದ್ದಳು. ತಲೆಯ ಮೇಲೆ ಕೂದಲು ಮುಳ್ಳಿನ ಹಾಗೆ ಹುಟ್ಟುತ್ತಿತ್ತು.

"ಆಯಿ, ಒಬ್ಬರ ಬಂದೀರೇನ? ದಾನಿ ಎಲ್ಲಿ? ಅಕಿ ಯಾಕ ಬರವಲ್ಲಳು?"

ತಾಯವ್ವ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅನ್ನಪೂರ್ಣಾ, "ಯವ್ವಾ, ಅಕಿ ಬರಂಗಿಲ್ಲಂದ್ರ ನಾನ ಅಂಗಡಿಗೆ ಹೋಗತೇನಿ" ಅಂದಳು. ನಾನು ಎದ್ದು ಹೊರಡುವಾಗ ತಾಯವ್ವ, "ಸ್ವಲ್ಪ ನಡದಾಡಲಿ. ನಾನ ಕರಕೊಂಡ ಬರತೇನಿ" ಅಂದಳು.

ಬೇಸಿಗೆ ಮುಗಿಯುವ ಹೊತ್ತಿಗೆ ಬಂದರು. ದಾನಿ ಬೆಳಿಗ್ಗೆಯೇ ಅಂಗಡಿ ಗುಡಿಸಿ, ಕಸಿವಿಸಿಯಿಂದ ಎಲ್ಲಾ ಸಾಮಾನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಡುತ್ತಿದ್ದಳು. ನಾನೂ ಹೋಗಿ ಮೂಲೆಯಲ್ಲಿ ಕೂತಿದ್ದೆ. ಅನ್ನಪೂರ್ಣಾ ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿ ತನ್ನ ಜಾಗದಲ್ಲಿ ಕೂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಎಷ್ಟ ಸೊರಗೀ," ಅಂದಳು ಅನ್ನಪೂರ್ಣಾ.

"ನಾನೋ ನೀನೋ?"

"ನೀ ಮೊದಲ ಇದ್ದದ್ದ ಅಷ್ಟ."

ನಕ್ಕರು. ತಾಯವ್ವ ಬೇರೆ ಕಡೆ ಮುಖ ತಿರುಗಿಸಿದಳು.

ಆಗ ಗಿರಾಕಿ ಬಂತು. ತುಕ್ಕಾನಟ್ಟಿಯ ಶೆಟ್ಟೆಪ್ಪ ಅಂತ, ಮಗಳ ಕೈ ಹಿಡಿದುಕೊಂಡು. ಅನ್ನಪೂರ್ಣಾ ಹುಡುಗಿಯನ್ನು ಮುಂದೆ ಕರೆದು ಪಾದ ತನ್ನ ಮಡಿಲಲ್ಲಿಟ್ಟುಕೊಂಡು ಬೂಟು ತೊಡಿಸಿದಳು. ಹೆಬ್ಬೆರಳಿನಿಂದ ಬೂಟಿನ ತುದಿ ಒತ್ತಿ, "ಇದು ಬಿಗಿ ಆಗತೈತಿ, ಇದರ ಮ್ಯಾಲಿನ ನಂಬರ ಕೊಡ ದಾನಿ" ಅಂದಳು. ಮಾತು ಮೊದಲಿನ ಹಾಗೇ ಬಂತು. ಬಂದಳಲ್ಲ ಹುಡುಗಿ ಅಂದುಕೊಂಡೆ.

ದಾನಿ ಮೇಲಿನ ನಂಬರಿನ ಬೂಟು ತೆಗೆದಳು. ಬೂಟು ಗಿರಾಕಿಗೆ ಕೊಡುವ ಮೊದಲು ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ತಿರುಗಿಸಿ ಬೇರಿಂಗಿನ ಸದ್ದು ಕೇಳುವುದು ಅವರ ರೂಢಿ. ಕೈ ತನ್ನಷ್ಟಕ್ಕೆ ಹೋಯಿತು. ಗಾಲಿ ಝುಂಯ್ ಅಂತ ತಿರುಗಿತು.

ಅನ್ನಪೂರ್ಣಾಳ ಮುಖ ಬೂದಿಯಾಯಿತು. ಹುಡುಗಿಯ ಕಾಲು ಕೆಳಗಿಟ್ಟು ಎದ್ದಳು, ಕಪಾಟು ಹಿಡಿದಳು, ಬಾಗಿಲು ಹಿಡಿದಳು, ಹೊರಗೆ ಹೋಗಿ ಗಟಾರದ ಮೇಲೆ ಬಾಗಿದಳು. ತಾಯವ್ವ ಓಡಿ ಹೋಗಿ ಹಣೆ ಹಿಡಿದಳು. ದಾನಿ ಗಾಲಿಯನ್ನು ಅಂಗೈಯಲ್ಲಿ ಅದುಮಿ ಹಿಡಿದು ಹಾಗೇ ನಿಂತಳು.

ಶೆಟ್ಟೆಪ್ಪ, "ಏನಾತ್ರಿ ತಂಗಿಗೆ?" ಅಂದ.

"ತಲೀಗೆ ಪೆಟ್ಟ ಆಗೇತ್ರಿ."

"ಇದ ಆಟದಾಗೇನ?"

ದಾನಿ ಸುಳ್ಳು ಹೇಳಬಹುದಿತ್ತು. "ಹೌದ್ರಿ" ಅಂದಳು.

ಅವನು ಬಗ್ಗಿ ಮಗಳ ಕಾಲಿನ ಬೂಟು ತಾನೇ ಬಿಚ್ಚಿದ. ಬೈಯಲಿಲ್ಲ, ಪಾಪ. "ಇನ್ನೊಮ್ಮೆ ಬರತೇವ್ರಿ" ಅಂತ ಹೇಳಿ ಹೋದ. ಹುಡುಗಿ ಓಣಿ ತಿರುಗುವವರೆಗೂ ಹಿಂದೆ ನೋಡುತ್ತಲೇ ಹೋಯಿತು.

ಅನ್ನಪೂರ್ಣಾ ಬಾಯಿ ತೊಳೆದು ಮೆಟ್ಟಿಲ ಮೇಲೆ ಕೂತಳು, ಒಳಗೆ ಬರಲಿಲ್ಲ. ದಾನಿ ಬಂದು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತಳು.

"ದಾನಿ, ನಾ ಇನ್ನ ಬರಂಗಿಲ್ಲ. ಗಿರಣಿ ಸಪ್ಪಳ ತಡೀತೇನಿ, ಬಸ್ಸಿಂದು ತಡೀತೇನಿ. ಇದೊಂದ ಆಗವಲ್ದು. ಗಾಲಿ ತಿರುಗಿದ್ರ ನನ್ನ ಕೆಳಗಿನ ನೆಲಾನ ತಿರಗತೈತಿ."

"ಕಡಿಮಿ ಆಗತೈತಿ. ಡಾಕ್ಟರ..."

"ಡಾಕ್ಟರ ಹೇಳಿದ್ದು ನಾನೂ ಕೇಳೇನಿ. ಇಷ್ಟ ಉಳದದ್ದ ದೊಡ್ಡದಂತ."

ದಾನಿ ತಲೆ ತಗ್ಗಿಸಿ, "ಹಂಗಾರ ಮುಚ್ಚತೇನಿ ಅಂಗಡಿ" ಅಂದಳು.

"ಮುಚ್ಚಿದ್ರ ನಿಮ್ಮಪ್ಪ ಮರುದಿನ ಗಂಡ ಹುಡುಕತಾನು. ಸುಮ್ನ ನಡಸ."

ಅಷ್ಟೇ ಮಾತು. ತಾಯವ್ವ ಮಗಳ ತೋಳು ಹಿಡಿದು ಎಬ್ಬಿಸಿದಳು. ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಸ್ವಲ್ಪ ದೂರ ಹೋಗಿ ತಾಯವ್ವ ನಿಂತು, ದಾನಿಯ ಮುಖ ನೋಡದೆ, ರಸ್ತೆಗೆ ಹೇಳಿದ ಹಾಗೆ, "ಬರಬೇಕಂದ್ರ ಐತ್ವಾರ ಬಾ. ಮನ್ಯಾಗ ಇರತೇವಿ" ಅಂದಳು.

ಈಗ ಅಂಗಡಿ ನಡೆದಿದೆ. ದಾನಿ ಒಬ್ಬಳೇ ನಡೆಸುತ್ತಾಳೆ, ಬೂಟು ಕಟ್ಟಿ ತೋರಿಸುತ್ತಾಳೆ, ತಾನು ಮಾತ್ರ ಗಾಲಿಯ ಮೇಲೆ ನಿಲ್ಲುವುದಿಲ್ಲ. ಕಲ್ಲೋಳಿಯ ಕಣಕ್ಕೆ ಯಾರೂ ಹೋಗುವುದಿಲ್ಲ. ಹುಡುಗರು ಸಾಲೆಯ ರಜೆಯಲ್ಲಿ ಬರುವುದು ರವಿವಾರ, ಅಂಗಡಿ ತುಂಬುವುದೂ ರವಿವಾರ. ಅವತ್ತೇ ಬಾಗಿಲು ಹಾಕಿ ದಡ್ಡಿಗೆ ಹೋಗುತ್ತಾಳೆ. ಮೊಣಕಾಲು ಹೇಗಿದ್ದರೂ ನಾನೂ ಒಮ್ಮೊಮ್ಮೆ ಜೊತೆಗೆ ಹೋಗುತ್ತೇನೆ. ತಾಯವ್ವ ದಾನಿಯ ಜೊತೆ ಮಾತಾಡುವುದು ಕಡಿಮೆ, ಆದರೆ ಊಟಕ್ಕೆ ನೀಡುತ್ತಾಳೆ. ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತೇವೆ. ಎಮ್ಮೆಯ ಮಾತು, ಕಬ್ಬಿನ ಮಾತು, ಯಾರದೋ ಮದುವೆಯ ಮಾತು.

ನಡುನಡುವೆ ಅನ್ನಪೂರ್ಣಾ ಕೇಳುತ್ತಾಳೆ, "ಇವತ್ತ ಐತ್ವಾರ ಅಲ್ಲೇನ? ಗಿರಾಕಿ ಬರತಾರ. ಅಂಗಡ್ಯಾಗ ಯಾರ ಅದಾರ?"

"ಆಯಿ ಕುಂತಾಳ," ಅನ್ನುತ್ತಾಳೆ ದಾನಿ.

ಆಯಿ ಅಂದರೆ ನಾನು, ಅನ್ನಪೂರ್ಣಾಳ ಎದುರಿಗೇ ಕೂತಿರುತ್ತೇನೆ. ಅವಳು ನನ್ನನ್ನು ನೋಡುತ್ತಾಳೆ, ಆತು ಬಿಡ ಅನ್ನುವ ಹಾಗೆ ತಲೆಯಾಡಿಸುತ್ತಾಳೆ, ಇನ್ನೊಂದು ಹಿಡಿ ಶೇಂಗಾ ಎತ್ತಿಕೊಳ್ಳುತ್ತಾಳೆ.